ಲಿಂಗರಾಜ ಖಾರ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕು ಎಂಬುದು ನಮ್ಮವರ ಪದ್ಧತಿ. ಹಿರಿಯರು ಇದನ್ನು ಯಾವ ಉದ್ದೇಶದಿಂದ ಮಾಡಿಟ್ಟರೋ ಗೊತ್ತಿಲ್ಲ, ನಮ್ಮ ಜನ ಮಾತ್ರ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದಾರೆ. ಗಂಗೆಯಲ್ಲಿ ಮುಳುಗು ಹಾಕಿ, ಭಕ್ತಿಯಿಂದ ಕಣ್ಣು ಮುಚ್ಚಿ, ಹಾಗಲಕಾಯಿ ಬಿಡುತ್ತಾರೆ. ಕಾಶಿಯಲ್ಲೇ ನೆಲೆಸಿರುವ ಮೈಸೂರು ಕಡೆಯ ನಿವೃತ್ತ ರೈಲ್ವೆ ನೌಕರ ವೆಂಕಟರಾಮಯ್ಯನವರು ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟಿದವರಲ್ಲ. ಆದರೂ ಕಾಶಿಯಲ್ಲಿ ಅದನ್ನು ಬಿಟ್ಟೆನೆಂದು ಇವತ್ತಿಗೂ ಕಂಡಕಂಡವರಿಗೆ ಹೇಳುತ್ತಾರೆ. ಅಂಥ ಊರಿನಲ್ಲಿ ದಾವಣಗೆರೆಯವನೊಬ್ಬ ಮೆಣಸಿನಕಾಯಿ ಬಿಟ್ಟ ಎಂದರೆ ಅದು ಸಣ್ಣ ಸುದ್ದಿಯಲ್ಲ. ಮಿರ್ಚಿ ಮಂಡಕ್ಕಿ ಉಂಡು ಬೆಳೆದ ಜೀವ ಅದು.

ಆದರೆ ಲಿಂಗರಾಜ ಬಿಟ್ಟಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಲಿಂಗರಾಜ ಬ್ಯಾಂಕಿನ ನೌಕರ. ವರ್ಗವಾಗಿ, ಹೆಂಡತಿ ಸಂಧ್ಯಾ ಮತ್ತು ಮಗಳು ಅದಿತಿಯ ಜೊತೆ ಕಾಶಿಯ ಭೇಲೂಪುರದ ಬಾಡಿಗೆ ಮನೆಗೆ ಬಂದವನು. ಮನುಷ್ಯ ಸಾಧು, ಕೆಲಸದಲ್ಲಿ ಚುರುಕು, ಸಾಲಗಾರರನ್ನು ಕಂಡರೆ ಅವನೇ ನಾಚುತ್ತಿದ್ದ. ಅವನಿಗಿದ್ದ ಕಾಯಿಲೆ ಒಂದೇ, ಬಾಯಿಹುಣ್ಣು. ಕರೆಯದೆ ಬರುವ ನೆಂಟರ ಹಾಗೆ ಅದು ತಿಂಗಳಿಗೊಮ್ಮೆ ಬರುತ್ತಿತ್ತು, ವಾರ ಹತ್ತು ದಿನ ಇದ್ದು, ಇನ್ನೇನು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದನ್ನು ಕರೆಸಿಕೊಳ್ಳುತ್ತಿತ್ತು.

ಅವನ ಬಾಯಿಯ ಚರಿತ್ರೆಯನ್ನು ಹೈಸ್ಕೂಲಿನಿಂದ ಹೇಳಬೇಕು. ಮೊದಲ ಹುಣ್ಣು ಕೆಳತುಟಿಯ ಒಳಗೆ, ಗಣಿತದ ಪರೀಕ್ಷೆಯ ಹಿಂದಿನ ದಿನ ಎದ್ದಿತು. ಅಜ್ಜಿ ತುಟಿ ಮಗುಚಿ ನೋಡಿ, "ಏನು ಸುಳ್ಳು ಹೇಳಿದ್ಯೋ?" ಎಂದು ಕೇಳಿದಳು. ಸುಳ್ಳು ಹೇಳಿದವರ ಬಾಯಲ್ಲಿ ಹುಣ್ಣಾಗುತ್ತದೆ ಎಂಬುದು ಆ ಮನೆಯ ವೈದ್ಯಶಾಸ್ತ್ರ. ಅವನು ಏನೂ ಹೇಳಿರಲಿಲ್ಲ. ಹೇಳಿಲ್ಲ ಎಂದದ್ದೇ ಸುಳ್ಳು ಎಂದು ತೀರ್ಮಾನವಾಗಿ ಬೆನ್ನಿಗೆ ಎರಡು ಬಿದ್ದವು. ಅಂದಿನಿಂದ ಹುಣ್ಣಾದಾಗಲೆಲ್ಲ ಲಿಂಗರಾಜ ಕದ್ದು ಸಿಕ್ಕಿಬಿದ್ದವನ ಹಾಗೆ ಬಾಯಿ ಮುಚ್ಚಿಕೊಂಡು ತಿರುಗುವುದು ರೂಢಿಯಾಯಿತು.

ಬೆಣ್ಣೆ, ಕೊಬ್ಬರಿ, ಜೇನುತುಪ್ಪ, ಬಸಳೆ ಸೊಪ್ಪು, ಬಿ ಕಾಂಪ್ಲೆಕ್ಸ್ ಮಾತ್ರೆ ಎಲ್ಲ ಆದವು. ಹೆಣ್ಣು ನೋಡಲು ಹೋದ ದಿನ, ಸೋದರಮಾವ ಹಚ್ಚಿದ ನೇರಳೆ ಬಣ್ಣದ ಔಷಧಿಯಿಂದ ನಾಲಿಗೆಯೆಲ್ಲ ನೇರಳೆಯಾಗಿ, ಅವನು ಬಾಯಿ ತೆರೆಯದೆ ಕೂತು ಎದ್ದು ಬಂದ. ಸಂಧ್ಯಾಳ ತಂದೆ "ಹುಡುಗ ಬಹಳ ಗಂಭೀರ" ಎಂದು ಮೆಚ್ಚಿ ಮಗಳನ್ನು ಕೊಟ್ಟರು. ಮದುವೆಯಾದ ವಾರದಲ್ಲಿ ಹುಣ್ಣು ಮಾಗಿ ಮಾತು ಶುರುವಾಯಿತು. ಆ ಗಂಭೀರ ಹುಡುಗನನ್ನು ಮತ್ತೆ ನೋಡಬೇಕಾದರೆ ಸಂಧ್ಯಾ ಮುಂದಿನ ಹುಣ್ಣಿನ ತನಕ ಕಾಯಬೇಕು.

ಬನಾರಸಿಗೆ ಬಂದ ಮೇಲೆ ನಾಚಿಕೆ ಇಮ್ಮಡಿಯಾಯಿತು. ಪಾನಿನ ಊರಿನಲ್ಲಿ ಬಾಯಿ ಹಿಡಿದುಕೊಂಡು ಕೂತವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಮ್ಯಾನೇಜರು ಒಂದು ದಿನ ಅವನನ್ನು ಒಳಗೆ ಕರೆದು ಬಾಗಿಲು ಹಾಕಿ, "ಭಾಯಿಸಾಬ್, ಗುಟ್ಕಾ ಛೋಡ್ ದೀಜಿಯೇ. ಬಚ್ಚಿ ಅಭೀ ಛೋಟೀ ಹೈ" ಎಂದು ಚಿಕ್ಕ ಅದಿತಿಯನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಂಡರು. ಹಾಗೆ ಹೇಳುವಾಗ ಅವರ ದವಡೆಯಲ್ಲಿ ಒಂದು ಬೀಡಾ ಇತ್ತು. ಗುಟ್ಕಾ ಮುಟ್ಟದ ಲಿಂಗರಾಜ, ಹುಣ್ಣಿನ ವಿಷಯ ಹೇಳುವುದಕ್ಕಿಂತ ಇದೇ ವಾಸಿ ಎಂದು, "ಬಿಡ್ತೀನಿ ಸರ್" ಎಂದು ಬಂದುಬಿಟ್ಟ.

ಶಿವಾಲ ಎಂಬ ಬಡಾವಣೆಯಲ್ಲಿ, ಕೇದಾರ ಘಾಟಿನ ಹತ್ತಿರ, ಗಿರಿಜಮ್ಮ ಎಂಬ ಅಜ್ಜಿ ಒಂದು ಕೋಣೆ ಹಿಡಿದುಕೊಂಡಿದ್ದಾರೆ. ಬ್ಯಾಡಗಿ ಕಡೆಯ ಹಳ್ಳಿಯವರು. ಗಂಡ ಸತ್ತ ಮೇಲೆ ಕೊನೆಯ ಕಾಲವನ್ನು ಕಾಶಿಯಲ್ಲಿ ಕಳೆಯುತ್ತೇನೆಂದು ಬಂದವರು, ಬರುವಾಗ ಆಸ್ತಿಯೆಂದು ತಂದದ್ದು ಒಂದು ಲಿಂಗದ ಕರಡಿಗೆ, ಒಂದು ಒರಳುಕಲ್ಲು. ಆ ಒರಳಿನಲ್ಲಿ ಕುಟ್ಟಿದ ಹಣ್ಣುಮೆಣಸಿನಕಾಯಿಯ ಕೆಂಪಿಂಡಿ ಆಕೆಯ ಜೀವ. ಬೆಳ್ಳುಳ್ಳಿ, ಹುಣಸೆ, ಮೆಂತ್ಯ ಹಾಕಿ ಜಾಡಿಯಲ್ಲಿಟ್ಟರೆ, ಮೂಲೆಯ ಮನೆಯವರಿಗೂ ಇವತ್ತು ಜಾಡಿ ತೆರೆದರೆಂದು ಗೊತ್ತಾಗುತ್ತಿತ್ತು. ಸೋಮವಾರ ಸೋಮವಾರ ನಾಲ್ಕು ಜನ ಕನ್ನಡದವರನ್ನು ಕರೆದು ರೊಟ್ಟಿ ಊಟ ಹಾಕುವುದು ಆಕೆಯ ನೇಮ. ಊರಿನಲ್ಲಾದರೆ ಯಾರು ಯಾರ ಮನೆಯಲ್ಲಿ ಉಣ್ಣಬೇಕೆಂಬ ಲೆಕ್ಕವಿರುತ್ತದೆ. ಕಾಶಿಯಲ್ಲಿ "ಊಟ ಆಯ್ತಾ" ಎಂದು ಕನ್ನಡದಲ್ಲಿ ಕೇಳುವವರು ಸಿಕ್ಕರೆ ಸಾಕು, ವೆಂಕಟರಾಮಯ್ಯನವರಂಥ ಮಡಿವಂತರೂ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ.

ಶ್ರಾವಣದ ಮೊದಲ ಸೋಮವಾರ ಲಿಂಗರಾಜನ ಬಾಯಲ್ಲಿ ಹುಣ್ಣುಗಳು ಪೂರ್ತಿ ಹಾಜರಿದ್ದವು. ನಾಲಿಗೆಯ ತುದಿಯಲ್ಲಿ, ಕೆನ್ನೆಯ ಒಳಗೆ, ತುಟಿಯ ಮೂಲೆಯಲ್ಲಿ. ಗಿರಿಜಮ್ಮ ಸೌಟಿನ ತುಂಬ ಕೆಂಪಿಂಡಿ ತಂದು ತಟ್ಟೆಯ ಮೇಲೆ ಹಿಡಿದರು. ಅವನು ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಹಿಡಿದ.

"ಯಾಕಪಾ? ನನ್ನ ಕೈದು ಸೇರೂದಿಲ್ಲನು?" ಎಂದರು ಗಿರಿಜಮ್ಮ. ಆಕೆಯ ಮುಖ ಸಣ್ಣದಾಯಿತು.

ಲಿಂಗರಾಜನಿಗೆ ಮಾತಾಡಿದರೆ ಉರಿ, ಒಂದು ಗುಟುಕು ನೀರು ಬೇಕಾಗಿತ್ತು. ನೀರಿನ ಕೊಡ ಕಿಟಕಿಯ ಬಳಿ ಇತ್ತು. ಅವನು ಅದರ ಕಡೆಗೆ ಕೈ ತೋರಿಸಿ, ತಪ್ಪು ತಿಳಿಯಬೇಡಿ ಎಂದು ಗಿರಿಜಮ್ಮನಿಗೆ ಕೈ ಮುಗಿದ. ಆದರೆ ಆ ಕಿಟಕಿಯ ಆಚೆಗೆ ಗಂಗೆ ಹರಿಯುತ್ತಿದ್ದಳು.

ವೆಂಕಟರಾಮಯ್ಯನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅರ್ಥವಾಗಲಿಲ್ವೇ ಗಿರಿಜಮ್ಮನವರೇ? ಖಾರ ಬಿಟ್ಟಿದ್ದಾನೆ. ಗಂಗೆಗೆ ಒಪ್ಪಿಸಿಬಿಟ್ಟಿದ್ದಾನೆ. ಬಾಯಿ ಬಿಟ್ಟು ಹೇಳಿಕೊಳ್ಳೋ ಜಾತಿಯಲ್ಲ ಇವನು."

ಆಗ ಒಂದು ಸಲ ತಲೆ ಅಡ್ಡಡ್ಡ ಆಡಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೋಣೆಯ ಜನವೆಲ್ಲ ತನ್ನನ್ನು ಗೌರವದಿಂದ ನೋಡುತ್ತಿರುವುದನ್ನು ಲಿಂಗರಾಜ ಕಂಡ. ಹುಣ್ಣಿದ್ದಾಗ ಅವನನ್ನು ಹಾಗೆ ಯಾರೂ ನೋಡಿರಲಿಲ್ಲ. ಅವನು ವಿನಯದಿಂದ ತಲೆ ತಗ್ಗಿಸಿದ. ದೊಡ್ಡ ದೊಡ್ಡ ಸುಳ್ಳುಗಳನ್ನು ಜನ ಹೀಗೆ ತಲೆ ತಗ್ಗಿಸಿಯೇ ಹೇಳುತ್ತಾರೆ.

"ಇಷ್ಟು ಸಣ್ಣ ವಯಸ್ಸಿನಾಗ," ಎಂದು ಗಿರಿಜಮ್ಮ ಸೌಟನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಿಂದ ಕಣ್ಣೊರೆಸಿದರು.

ವೆಂಕಟರಾಮಯ್ಯನವರ ಕಿವಿಗೆ ಬಿದ್ದ ಸುದ್ದಿಗೆ ಪತ್ರಿಕೆಯ ಅಗತ್ಯವಿಲ್ಲ. ಎರಡೇ ದಿನಕ್ಕೆ ಅದು ವೀರಯ್ಯನನ್ನು ಮುಟ್ಟಿತು. ಗದಗಿನ ಕಡೆಯ ಈ ವೀರಯ್ಯ ದಶಾಶ್ವಮೇಧ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಸ್ನಾನ, ಪೂಜೆ, ದರ್ಶನ ಮಾಡಿಸುವವನು. ಘಾಟಿನಲ್ಲಿ ನಿಂತು ಅವನು, "ಇಲ್ಲಿ ಹಾಗಲಕಾಯಿ ಬಿಡಾವ್ರು ಬಾಜೂಕ ನಿಂದ್ರಿ. ನಮ್ಮ ದಾವಣಗೆರಿ ಲಿಂಗರಾಜಪ್ಪ ಮೆಣಸಿನಕಾಯಿ ಬಿಟ್ಟಾನ. ಏಕದಂ" ಎಂದು ಕೂಗಿ ಹೇಳತೊಡಗಿದ. ಒಂದು ಭಾನುವಾರ ರಾಣೆಬೆನ್ನೂರಿನ ಒಂದು ತಂಡವನ್ನು ಭೇಲೂಪುರಕ್ಕೇ ಕರೆತಂದ. ಲುಂಗಿಯುಟ್ಟು ಬಕೆಟ್ಟಿನಲ್ಲಿ ಬಟ್ಟೆ ನೆನೆಸುತ್ತಿದ್ದ ಲಿಂಗರಾಜನ ಕಾಲಿಗೆ ಹನ್ನೆರಡು ಜನ ಸಾಲಾಗಿ ಬಿದ್ದರು. ಒಬ್ಬಾಕೆ ಮಗುವನ್ನು ಅವನ ತೊಡೆಯ ಮೇಲಿಟ್ಟು, "ಇವನೂ ಖಾರ ಭಾಳ ತಿಂತಾನ್ರಿ, ಆಶೀರ್ವಾದ ಮಾಡ್ರಿ" ಎಂದಳು.

"ಸುಮ್ನೆ ಹುಣ್ಣು ಅಂತ ಹೇಳೋಕೆ ನಿಮ್ಗೆ ಏನು ಕಷ್ಟ?" ಎಂದು ಅವರು ಹೋದ ಮೇಲೆ ಸಂಧ್ಯಾ ಕೇಳಿದಳು.

"ಇಷ್ಟು ಜನ ಕಾಲಿಗೆ ಬಿದ್ದ ಮೇಲೆ ಹೆಂಗೆ ಹೇಳ್ಲಿ?"

"ಬೀಳೋದಕ್ಕೆ ಮುಂಚೆ ಹೇಳ್ಬೇಕಿತ್ತು."

ಹೆಂಡತಿಯರ ಮಾತಿನಲ್ಲಿ ಇದೊಂದು ದೋಷ. ಸರಿಯಾಗಿರುತ್ತದೆ, ಆದರೆ ಉಪಯೋಗಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ಹುಣ್ಣು ಮಾಗಿತು. ಬಾಯಿ ನುಣ್ಣಗಾದ ದಿನ ಲಿಂಗರಾಜನಿಗೆ ತನ್ನ ಅವಸ್ಥೆ ಅರ್ಥವಾಯಿತು. ಈಗ ಖಾರ ತಿನ್ನಬಹುದು, ತಿನ್ನುವ ಹಾಗಿಲ್ಲ. ಕೆಳಗಿನ ಮನೆಯವರಿಗೂ ವ್ರತದ ಸುದ್ದಿ ಮುಟ್ಟಿದ್ದರಿಂದ, ಸಂಧ್ಯಾ ಒಗ್ಗರಣೆಗೆ ಒಂದು ಮೆಣಸಿನಕಾಯಿ ಹಾಕಿದರೂ ಕಿಟಕಿ ಮುಚ್ಚಬೇಕಾಗಿತ್ತು. ಅವನು ಬ್ಯಾಂಕಿನಿಂದ ಬರುವಾಗ ಸುತ್ತುದಾರಿ ಹಿಡಿದು, ಪರಿಚಯದವರಿಲ್ಲದ ಗಲ್ಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಚಾಟ್ ತಿಂದ. ಕಚೋರಿಯ ಜೊತೆ ಕೊಡುವ ಹುರಿದ ಹಸಿಮೆಣಸಿನಕಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಯಾರೂ ಇಲ್ಲದ ಘಾಟಿನ ಮೆಟ್ಟಿಲ ಮೇಲೆ ತಿಂದ. ಸರಿಯಾಗಿ ಲೆಕ್ಕ ಹಾಕಿದರೆ, ಬಿಡುವ ಮೊದಲು ಅವನು ಅಷ್ಟು ಖಾರ ತಿನ್ನುತ್ತಿರಲಿಲ್ಲ. ಹುಣ್ಣುಗಳು ಸಂತೋಷದಿಂದ ಮರಳಿ ಬಂದವು.

ಅಷ್ಟೇ ಆಗಿದ್ದರೆ ಅವನ ಬಾಯಿ, ಅವನ ಪಾಡು ಎನ್ನಬಹುದಿತ್ತು. ಒಂದು ಬೆಳಿಗ್ಗೆ ಗಿರಿಜಮ್ಮನಿಂದ ಕರೆ ಬಂತು. ಗಂಡ ಹೆಂಡಿರು ಕೇದಾರ ಘಾಟಿಗೆ ಬರಬೇಕಂತೆ. ಹೋಗಿ ನೋಡಿದರೆ ಅಜ್ಜಿ ಒದ್ದೆ ಸೀರೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ವೀರಯ್ಯ. ದಡದ ಮೆಟ್ಟಿಲ ಮೇಲೆ ಕೆಂಪಿಂಡಿಯ ಜಾಡಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು.

"ಬಾ ಲಿಂಗರಾಜಪ್ಪ. ನಾ ಕಾಶಿಗೆ ಬಂದು ಇಷ್ಟು ವರ್ಷ ಆತು, ಏನೂ ಬಿಟ್ಟಿರಲಿಲ್ಲ. ಎಲ್ಲಾರೂ ಹಾಗಲಕಾಯಿ ಬಿಡ್ರಿ ಅಂತಿದ್ರು. ಸೇರಲಾರದ್ದು ಬಿಟ್ರ ಅದೇನು ಬಿಟ್ಟಂಗ? ನಿನ್ನ ನೋಡಿ ನಾಚಿಕಿ ಬಂತಪಾ ನನಗ. ನೀನ ಬಿಟ್ಟಿ, ನಾ ಮುದುಕಿ ಕೆಂಪಿಂಡಿ ಹಿಡಕೊಂಡು ಕುಂತೀನಲ್ಲ ಅಂತ. ನನ್ನ ಬಾಜೂಕ ನಿಂದರು. ನೀ ಇದ್ರ ಧೈರ್ಯ."

ಲಿಂಗರಾಜ ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಆಕೆಗಿರುವುದು ಅದೊಂದೇ ರುಚಿ ಎಂಬುದು ಅವನಿಗೆ ಗೊತ್ತಿತ್ತು. ತಡೆಯಬೇಕೆಂದು ಬಾಯಿ ತೆರೆದ. ನಾಲಿಗೆಯ ತುದಿಯ ಹುಣ್ಣು ಹಲ್ಲಿಗೆ ತಗುಲಿ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಅಳಾಕತ್ತಾನ, ಎಂಥಾ ಜೀವ" ಎಂದು ವೀರಯ್ಯ, ಕೆಂಪಿಂಡಿಯ ಹೆಸರೆತ್ತಿ ಸಂಕಲ್ಪ ಹೇಳಿಸಿಯೇಬಿಟ್ಟ. ಗಿರಿಜಮ್ಮ ಬೊಗಸೆಯ ನೀರು ಬಿಟ್ಟರು. ಬಿಟ್ಟ ಮೇಲೆ ಮೆಟ್ಟಿಲ ಮೇಲಿದ್ದ ಜಾಡಿಯ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿದರು. ಲಿಂಗರಾಜನಿಗೆ ಅಲ್ಲೇ ಮುಳುಗಿಬಿಡೋಣ ಎನ್ನಿಸಿತು, ಆದರೆ ನೀರು ಮೊಣಕಾಲಿನಷ್ಟೇ ಇತ್ತು.

"ಜಾಡಿ ನೀ ತಗೊಂಡು ಹೋಗವಾ," ಎಂದರು ಗಿರಿಜಮ್ಮ ಸಂಧ್ಯಾಳಿಗೆ. "ಮನ್ಯಾಗಿದ್ರ ಮನಸ್ಸು ಕೇಳೂದಿಲ್ಲ. ನಿಮ್ಮನ್ಯಾಗ ಆದ್ರ ಚಿಂತಿಲ್ಲ, ನಿನ್ನ ಗಂಡ ಮುಟ್ಟೂ ಪೈಕಿ ಅಲ್ಲ."

ಆ ಜಾಡಿಯನ್ನು ಸಂಧ್ಯಾ ಅಡಿಗೆಮನೆಯ ಮೇಲಿನ ಹಲಗೆಯಲ್ಲಿಟ್ಟಳು. ಮುಂದಿನ ಭಾನುವಾರ ಮಧ್ಯಾಹ್ನ ಅವಳು ತರಕಾರಿಗೆ ಹೋದಾಗ, ವಾಸನೆ ನೋಡಿ ಮುಚ್ಚಿಬಿಡುತ್ತೇನೆಂದು ಲಿಂಗರಾಜ ಸ್ಟೂಲು ಹತ್ತಿದ. ಅದಿತಿ ಒಳಗೆ ಬಂದಾಗ ಅವನು ಸ್ಟೂಲಿನ ಮೇಲೆಯೇ ನಿಂತು, ಒಂದು ಕೈಯಲ್ಲಿ ಜಾಡಿ, ಇನ್ನೊಂದು ಕೈಯಲ್ಲಿ ನಿನ್ನೆಯ ಚಪಾತಿ ಹಿಡಿದು, ಮೂಗು ಕಣ್ಣುಗಳಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದ.

"ಪಾಪಾ, ಆಪ್‌ನೇ ತೋ ಛೋಡ್ ದಿಯಾ ಥಾ ನಾ?" ಎಂದು, ಖಾರ ಬಿಟ್ಟದ್ದನ್ನು ನೆನಪಿಸಿ, ಮಗಳು ಶಾಲೆಯ ಹಿಂದಿಯಲ್ಲಿ ಕೇಳಿದಳು.

ಅವನ ಬಾಯಿ ತುಂಬಿತ್ತು, ಮತ್ತು ನಾಚಿಕೆಯೂ ಆಗಿತ್ತು. ಇವೆರಡರ ನಡುವೆಯೂ ಆ ವಾರದೊಳಗೆ ಜಾಡಿ ಅರ್ಧವಾಯಿತು.

ಬಾಯಿ ಪೂರ್ತಿ ಕೆಟ್ಟಿತು. ನೀರು ಕುಡಿದರೂ ಉರಿ. ಸಂಧ್ಯಾ ಅವನನ್ನು ಭೇಲೂಪುರದ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರ್ ಶೀತಲ್ ಎಂಬ ಬನಾರಸಿನ ಹೆಣ್ಣುಮಗಳು ಅಲ್ಲಿ ಕೂರುತ್ತಾರೆ. ಚಿಕ್ಕ ವಯಸ್ಸು, ದೊಡ್ಡ ಧ್ವನಿ. ರೋಗಿಗೂ ಹೊರಗೆ ಕಾಯುವವರಿಗೂ ನಡುವೆ ಒಂದು ಹಸಿರು ಪರದೆ ಮಾತ್ರ.

ಡಾಕ್ಟರು ಟಾರ್ಚು ಹಾಕಿ ನೋಡಿ, ಮೊದಲಿನಿಂದ ಎಲ್ಲ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಎಷ್ಟು ವರ್ಷದಿಂದ? ತಂದೆಗಿತ್ತೇ, ತಾಯಿಗಿತ್ತೇ? ಹೊಟ್ಟೆ ಹೇಗೆ? ನಿದ್ದೆ? ಪಾನ್, ಗುಟ್ಕಾ? ಲಿಂಗರಾಜ ಗಣಿತದ ಪರೀಕ್ಷೆಯಿಂದ ಹಿಡಿದು ನೇರಳೆ ನಾಲಿಗೆಯ ತನಕ ಪಿಸುಗುಟ್ಟಿದ. ಪ್ರತಿಯೊಂದನ್ನೂ ಡಾಕ್ಟರು ಗಟ್ಟಿಯಾಗಿ ಹೇಳಿ ಖಚಿತ ಮಾಡಿಕೊಂಡರು. "ಔರ್ ಮಿರ್ಚಿ?"

"ಛೋಡ್ ದಿಯಾ," ಎಂದ ಅವನು ಅಭ್ಯಾಸಬಲದಿಂದ.

"ಯಾವಾಗಿನಿಂದ?"

"ಶ್ರಾವಣದಿಂದ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇಷ್ಟು ಕಾಲ ಖಾರ ಬಿಟ್ಟೂ ಬಾಯಿ ಹೀಗಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸೋಣ ಎಂದು ಟ್ರೇಯ ಕಡೆ ಕೈ ಚಾಚಿದರು. ಟ್ರೇಯಲ್ಲಿ ಒಂದು ಕತ್ತರಿ ಹೊಳೆಯಿತು.

"ನಹೀಂ ಛೋಡಾ," ಎಂದ ಲಿಂಗರಾಜ. ಬಿಟ್ಟಿಲ್ಲ ಎಂಬ ಆ ಮಾತು, ಹುಣ್ಣಿನ ನೋವಿನಲ್ಲೂ, ರಸ್ತೆಯವರೆಗೆ ಕೇಳಿಸಿತು. "ಮಿರ್ಚಿ ನಹೀಂ ಛೋಡಾ ಡಾಕ್ಟರ್ ಸಾಬ್. ಏಕ್ ದಿನ್ ಭೀ ನಹೀಂ ಛೋಡಾ. ಆಧಾ ಜಾರ್ ಖಾಯಾ."

ಅರ್ಧ ಜಾಡಿಯ ಲೆಕ್ಕ ಕೇಳಿ ಡಾಕ್ಟರು ನಕ್ಕರು. ಕತ್ತರಿ ಹಿಂದೆ ಹೋಯಿತು. ಇದು ಬಹಳ ಜನಕ್ಕೆ ಬರುವ ತೊಂದರೆ, ಯಾಕೆ ಬರುತ್ತದೆಂದು ವೈದ್ಯರಿಗೂ ಪೂರ್ತಿ ಗೊತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿ, ನಿದ್ದೆ ಮಾಡಿ, ಹುಣ್ಣಿದ್ದಾಗ ಖಾರ ಬೇಡ, ಚಿಂತೆಯೂ ಬೇಡ ಎಂದರು. ಸುಳ್ಳು ಹೇಳಿದರೆ ಇದು ಬರುತ್ತದೆಯೇ ಎಂದು ಅವನು ಕೇಳಿದ. ಹಾಗೆ ಬರುವುದಾದರೆ ಬನಾರಸಿನಲ್ಲಿ ಯಾರಿಗೂ ಊಟ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. "ಇಸ್‌ಮೇಂ ಶರಮ್ ಕೀ ಕ್ಯಾ ಬಾತ್ ಹೈ?"

ನಾಚಿಕೆಯ ಮಾತು ಪರದೆಯ ಆಚೆ ಬೆಂಚಿನ ಮೇಲೆ ಕೂತಿತ್ತು. ಲಿಂಗರಾಜ ಪರದೆ ಸರಿಸಿದಾಗ ಎದುರಿಗೆ ವೀರಯ್ಯ, ಅವನ ಪಕ್ಕದಲ್ಲಿ ಗಿರಿಜಮ್ಮ. ವೀರಯ್ಯನ ಮುಖ ಬಿಗಿದಿತ್ತು. ಅವನಿಗೆ ಹಿಂದಿ ಬರುತ್ತದೆ. ಗಿರಿಜಮ್ಮನಿಗೆ ತರಕಾರಿ ಕೊಳ್ಳುವಷ್ಟು ಮಾತ್ರ.

"ಮಿರ್ಚಿ ಮಿರ್ಚಿ ಅಂತಿದ್ದದ್ದು ಕೇಳಿಸ್ತಪಾ," ಎಂದರು ಆಕೆ. "ಡಾಕ್ಟರಮ್ಮ ತಿನ್ನು ಅಂತ ಗಂಟು ಬಿದ್ಲನು? ನೀ ಒದರಿದಿ ನೋಡು, ಅವಾಗ ತಿಳೀತು, ನೀ ಒಪ್ಪಲಿಲ್ಲ ಅಂತ."

ಆಕೆಯ ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಊಟ ಇಳೀವಲ್ದು ಅಜ್ಜಿಗೆ," ಎಂದ ವೀರಯ್ಯ, ಲಿಂಗರಾಜನನ್ನೇ ನೋಡುತ್ತ. "ಖಾರ ಬಿಟ್ಟಾಗಿಂದ ಅರ್ಧ ರೊಟ್ಟಿಗೆ ಕೈ ತೊಳ್ಕೊಂತಾಳ. ಮೊನ್ನೆ ಘಾಟಿನ ಮೆಟ್ಲ ಮ್ಯಾಲೆ ಕಣ್ಣಿಗೆ ಕತ್ತಲಿ ಬಂದು ಕುಂತಿದ್ಲು." ಆಮೇಲೆ ಅವನನ್ನು ಬಾಗಿಲಾಚೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದ. "ಸೋಮವಾರ ನೀನ ಹೇಳು. ಇಲ್ಲಾಂದ್ರ ನಾ ಹೇಳ್ತೀನಿ. ಮುಂದಿನ ವಾರ ಹಿರೇಕೆರೂರಿಂದ ಇಡೀ ಬಸ್ಸು ಬರ್ತೈತಿ ನಿನ್ನ ನೋಡಾಕ. ಅವರಿಗೆ ಏನು ತೋರಿಸ್ಲಿ ಮಾರಾಯಾ? ನಿನ್ನ ಹುಣ್ಣು ತೋರಿಸ್ಲೇನು?"

ಸೋಮವಾರ ಲಿಂಗರಾಜ ಅರ್ಧ ಜಾಡಿಯನ್ನು ಎದೆಗವಚಿಕೊಂಡು ಶಿವಾಲಕ್ಕೆ ಹೋದ. ಗಿರಿಜಮ್ಮ ಒಬ್ಬರೇ ಇರುವಾಗ ಹೇಳೋಣವೆಂದು ಬೇಗ ಹೋಗಿದ್ದ, ಆದರೆ ವೆಂಕಟರಾಮಯ್ಯನವರಿಗಿಂತ ಬೇಗ ಹೋಗುವುದು ಯಾರಿಂದ ಸಾಧ್ಯ? ಅವರೂ ವೀರಯ್ಯನೂ ಆಗಲೇ ತಟ್ಟೆಯ ಮುಂದಿದ್ದರು. ಲಿಂಗರಾಜ ಜಾಡಿಯನ್ನು ಗಿರಿಜಮ್ಮನ ಮುಂದಿಟ್ಟ.

"ಅಮ್ಮಾರೆ, ನಾ ಖಾರ ಬಿಟ್ಟಿಲ್ಲ. ಬಾಯಾಗೆ ಹುಣ್ಣಾಗಿತ್ತು. ಹೇಳಾಕೆ ನಾಚಿಕೆ ಆತು. ಇದನ್ನ ಅರ್ಧ ತಿಂದವನೂ ನಾನೇ."

ವೆಂಕಟರಾಮಯ್ಯನವರು ಗಂಟಲು ಸರಿಮಾಡಿಕೊಂಡರು. "ನನಗೆ ಆವತ್ತೇ ಅನುಮಾನ ಇತ್ತು."

"ಹೇಳಿದಾವ್ರ ನೀವಲ್ಲೇನ್ರಿ?" ಎಂದ ವೀರಯ್ಯ. ವೆಂಕಟರಾಮಯ್ಯನವರು ಕಿಟಕಿಯಾಚೆ ಗಂಗೆಯನ್ನು ನೋಡತೊಡಗಿದರು.

ಗಿರಿಜಮ್ಮ ಜಾಡಿಯ ಬಟ್ಟೆ ಬಿಚ್ಚಿ ಒಳಗೆ ನೋಡಿದರು. ಲಿಂಗರಾಜನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬೈಯಲಿ, ಜಾಡಿಯನ್ನು ತಲೆಯ ಮೇಲೆ ಹಾಕಲಿ, ಏನಾದರೂ ಆಗಲಿ ಎಂದು ಕಾದ. ಆಕೆ ಅವನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಬಾಯಿ ತೆಗಿ."

ತೆಗೆದ. ಆಕೆ ತುಟಿ ಮಗುಚಿ, ಕೆನ್ನೆಯೊಳಗೆ ಇಣುಕಿ, ಬಹಳ ಹೊತ್ತು ನೋಡಿದರು.

"ಇದು ತಿಂಗಳಿಗೊಮ್ಮೆ ಬರ್ತೈತೇನು?"

"ಹೂಂ."

"ಬಂದಾಗ ಮಾತಾಡಾಕ ಆಗೂದಿಲ್ಲ?"

"ಹೂಂ."

"ಮೊಸರನ್ನ ಅಷ್ಟ ಇಳೀತೈತಿ. ರೊಟ್ಟಿ ಚುಚ್ಚತೈತಿ. ತಾಟು ಸರಿಸಿ ಎದ್ದು ಹೋಗ್ಬೇಕು ಅನಸ್ತೈತಿ."

ಲಿಂಗರಾಜ ತಲೆಯಾಡಿಸಿದ. ಗಿರಿಜಮ್ಮ ಅವನ ಗದ್ದ ಬಿಟ್ಟು, ಒರಳಿನ ಪಕ್ಕ ಕೂತರು.

"ನಮ್ಮನಿಯವರೂ ಹಿಂಗ ಇದ್ರು. ತಿಂಗಳಿಗೊಮ್ಮೆ ನನ್ನ ತಾಟು ಸರಿಸಿ, ಮೊಸರನ್ನ ಉಂಡು, ಮಾತಿಲ್ಲ ಕತಿಯಿಲ್ಲ, ಹೊಲಕ್ಕ ಹೋಗಿಬಿಡೋರು. ಒಮ್ಮೊಮ್ಮೆ ತುಟಿ ಹಿಂಗ ಮುಚ್ಚಿ ಹಿಡ್ಕೊಂಡಿರೋರು, ನೀ ಈಗ ಹಿಡ್ಕೊಂಡಿ ನೋಡು, ಹಂಗ. ನನ್ನ ಕೈ ಅಡಿಗಿ ಸೇರೂದಿಲ್ಲ ಅಂತ ತಿಳದೆ ನಾನು. ಅವರ ಬಾಯಿಗೆ ಹಿಡೀಲಿ ಅಂತ ವರ್ಷಾ ವರ್ಷಾ ಕೆಂಪಿಂಡಿಗೆ ಇನ್ನಷ್ಟು ಖಾರ, ಇನ್ನಷ್ಟು ಬೆಳ್ಳುಳ್ಳಿ ಹಾಕ್ಕೊಂತ ಹೋದೆ. ಊರಾಗ ಎಲ್ಲಾರೂ ಹೊಗಳಿದ್ರು. ಅವರು ಮಾತ್ರ ತಾಟು ಸರಿಸೋರು."

ವೆಂಕಟರಾಮಯ್ಯನವರಿಗೂ ಹೇಳಲು ಏನೂ ತೋಚದ ಸಂದರ್ಭ ಅದು, ಕಾಶಿಯ ಕನ್ನಡಿಗರು ಇದನ್ನು ನೆನಪಿಟ್ಟುಕೊಂಡಿದ್ದಾರೆ.

ಕೊನೆಗೆ ವೀರಯ್ಯನೇ ಸಂಕೋಚದಿಂದ, ಮೋಸದಿಂದ ಆದ ಸಂಕಲ್ಪಕ್ಕೆ ಏನಾದರೂ ಪರಿಹಾರ ಹುಡುಕಬಹುದು, ಕೆಂಪಿಂಡಿ ತಿನ್ನಲಿ ಎಂದ.

"ಗಂಗವ್ವಗ ಕೊಟ್ಟ ಮಾತು ಅದು, ಇವನಿಗೆ ಕೊಟ್ಟಿದ್ದಲ್ಲ," ಎಂದರು ಗಿರಿಜಮ್ಮ. "ಕೆಂಪಿಂಡಿ ಬಿಟ್ಟೀನಿ, ಬಿಟ್ಟೀನಿ. ಆದ್ರ ನೀರಾಗ ನಿಂತು ಹೇಳಿಸಿದಾವ ನೀನ. ಹಸಿಮೆಣಸಿನಕಾಯಿ ಚಟ್ನಿ ಹೆಸರು ತಗದಿದ್ದಿ ಏನು?"

ವೀರಯ್ಯ ಯೋಚಿಸಿ, ತೆಗೆದಿರಲಿಲ್ಲ ಎಂದು ಒಪ್ಪಿಕೊಂಡ.

"ಮತ್ತ ಕುಟ್ಟು," ಎಂದು ಆಕೆ ಒನಕೆಯನ್ನು ಲಿಂಗರಾಜನ ಕೈಗೆ ಕೊಟ್ಟರು.

ಲಿಂಗರಾಜ ಸೀನುತ್ತ, ಕಣ್ಣೊರೆಸುತ್ತ ಕುಟ್ಟಿದ. ಗಿರಿಜಮ್ಮ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿ, ಉಪ್ಪು ಸಾಲದೆಂದರು, ಬೆಳ್ಳುಳ್ಳಿ ಸಾಲದೆಂದರು, ಕೈಯಲ್ಲಿ ಕಸುವಿಲ್ಲವೆಂದರು. ಹಾಗೆ ಬೈಯುತ್ತಲೇ ಒಂದು ಪೂರ್ತಿ ರೊಟ್ಟಿ ತಿಂದು, ಇನ್ನೊಂದಕ್ಕೆ ಕೈ ಹಾಕಿದರು. ಅದನ್ನು ನೋಡಿ ಲಿಂಗರಾಜನಿಗೆ ಜೀವ ಬಂದಂತಾಯಿತು. ಆಮೇಲೆ ಆಕೆ ಎದ್ದು, ಸೌಟಿನಲ್ಲಿ ಚಟ್ನಿ ತುಂಬಿಕೊಂಡು ಎಲ್ಲರಿಗೂ ಬಡಿಸುತ್ತ ಅವನ ತಟ್ಟೆಯ ಮುಂದೆ ಬಂದು ನಿಂತರು.

ಅವನ ಎರಡೂ ಕೈ ತಾವಾಗಿ ತಟ್ಟೆಗೆ ಅಡ್ಡ ಬಂದವು. ವೆಂಕಟರಾಮಯ್ಯನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದರು. ವೀರಯ್ಯ ನೋಡಿದ. ಲಿಂಗರಾಜನ ಕಿವಿ ಕೆಂಪಾಯಿತು.

"ಅಮ್ಮಾರೆ, ಬಾಯಾಗೆ ಹುಣ್ಣಾಗೇತಿ," ಎಂದ. "ಇವತ್ತು ಬ್ಯಾಡ."

ಗಿರಿಜಮ್ಮ ಸೌಟು ಕೆಳಗಿಟ್ಟರು. ಮೊಸರಿನ ಗಡಿಗೆ ಎಳೆದುಕೊಂಡು ಅವನ ತಟ್ಟೆಯ ಅನ್ನಕ್ಕೆ ಸುರಿದು, ತಮ್ಮ ಕೈಯಿಂದಲೇ ಮೆತ್ತಗೆ ಕಲಸತೊಡಗಿದರು.

"ಇಷ್ಟ ಹೇಳಾಕ ನಮ್ಮನಿಯವರಿಗೆ ನಲವತ್ತು ವರ್ಷ ಸಾಲಲಿಲ್ಲ ನೋಡು," ಎಂದರು.